ಒಬ್ಬರ ವೀಸಾ, ಇಡೀ ಮನೆಯ ನೆಲೆ

ಪರದೇಶದ ಉದ್ಯೋಗವೆಂಬುದು ಇಂದು ನಮ್ಮ ಕಥೋಲಿಕ ಕುಟುಂಬಗಳಿಗೆ ದೂರದ ಮಾತಾಗಿ ಉಳಿದಿಲ್ಲ. ದೇವಾಲಯದ ಕಚೇರಿಗೆ ಬಂದು ವಿವಾಹ ಪ್ರಮಾಣಪತ್ರವನ್ನೋ ಜ್ಞಾನಸ್ನಾನದ ಪತ್ರವನ್ನೋ ಕೇಳುವವರನ್ನು 'ಏತಕ್ಕೆ?' ಎಂದು ವಿಚಾರಿಸಿದಾಗ ಅನೇಕರಿಂದ ಬರುವ ಉತ್ತರ ಒಂದೇ: 'ವೀಸಾಕ್ಕೆ ಬೇಕು, ಫಾದರ್.' ಹಿಂದೆ ಮನೆಯ ಒಬ್ಬ ಗಂಡಾಳು ಮಾತ್ರ ಹೊರಡುತ್ತಿದ್ದನು. ಈಗ ಪತಿ, ಪತ್ನಿ, ಶಾಲೆಗೆ ಹೋಗುವ ಮಕ್ಕಳು ಒಟ್ಟಾಗಿ ಹೊರಡುವುದು ಹೆಚ್ಚುತ್ತಿದೆ. ದೇಶದ ಮೊಟ್ಟಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿ 25ರಂದು ನಮ್ಮ ಮೈಸೂರಿನಲ್ಲಿಯೇ ಆರಂಭವಾಯಿತು. ಇನ್ನೊಂದು ಗುಜರಾತಿನ ದಾಹೋದ್‌ನಲ್ಲಿ. ಪಾಸ್‌ಪೋರ್ಟ್ ಪಡೆಯುವುದು ಹಿಂದಿಗಿಂತ ಸುಲಭವಾಗಿದೆ. ಸುಲಭವಾಗದೆ ಉಳಿದಿರುವುದು ಅದರ ಮುಂದಿನ ತೀರ್ಮಾನ.

ಹೋಗಬೇಕೆ, ಬೇಡವೆ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ನಿರ್ಧರಿಸುವ ಹಕ್ಕು ಆಯಾ ಕುಟುಂಬದ್ದು. ಆದರೆ 'ಸಂಬಳ ಎಷ್ಟು?' ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. 'ಅಲ್ಲಿ ನಮ್ಮ ಮನೆ ಯಾರ ಹೆಸರಿನ ಮೇಲೆ ನಿಲ್ಲುತ್ತದೆ?' ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಹೊರಡುವ ಮೊದಲೇ ಕೇಳಿಕೊಳ್ಳಬೇಕೆಂಬುದು ನಮ್ಮ ವಿನಂತಿ.

ವಲಸೆ ನಮಗೆ ಹೊಸದಲ್ಲ

ನಮ್ಮ ಪ್ರದೇಶದ ಕ್ರೈಸ್ತ ಸಮುದಾಯ ಬೇರೂರಿದುದೇ ವಲಸೆಯಿಂದ. 1784ರಲ್ಲಿ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಬಂದ ಕರಾವಳಿಯ ಕಥೋಲಿಕರಲ್ಲಿ ಕೆಲವರು ತಪ್ಪಿಸಿಕೊಂಡು ಕೊಡಗಿಗೆ ಹೋದರು. ಅಲ್ಲಿನ ಅರಸ ದೊಡ್ಡವೀರರಾಜೇಂದ್ರನ ಆಶ್ರಯದಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಸುತ್ತ ನೆಲೆಗೊಂಡರು. ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರು ಹಾಸನದ ಬಳಿಯ ಸಾತಹಳ್ಳಿಯಲ್ಲಿ ದಿಕ್ಕುಗೆಟ್ಟ ಕುಟುಂಬಗಳಿಗೆ ಬೇಸಾಯದ ನೆಲೆಯನ್ನು ಕಲ್ಪಿಸಿದರು. ಹೀಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಈ ನೆಲದ ಮಕ್ಕಳೇ ಆದರು.

ಧರ್ಮಸಭೆಯೂ ವಲಸೆಯನ್ನು ಅನುಮಾನದಿಂದ ಕಂಡಿಲ್ಲ. ಜಗದ್ಗುರು ಹನ್ನೆರಡನೆಯ ಭಕ್ತಿನಾಥರು 1952ರ ಆಗಸ್ಟ್ 1ರಂದು ವಲಸಿಗರ ಆರೈಕೆಯ ಕುರಿತು ಹೊರಡಿಸಿದ ಪ್ರೇಷಿತ ಶಾಸನವು ಈಜಿಪ್ಟಿಗೆ ಹೋದ ಪವಿತ್ರ ಕುಟುಂಬವನ್ನೇ ಎಲ್ಲ ವಲಸೆ ಕುಟುಂಬಗಳ ಮಾದರಿಯೆಂದು ಕರೆಯಿತು. ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಬದುಕನ್ನು ಅರಸಿ ತಾಯ್ನಾಡನ್ನು ಬಿಡುವ ಹಕ್ಕು ಮನುಷ್ಯನಿಗಿದೆ ಎಂದು ಒಪ್ಪಿಕೊಂಡರು. ಹಾಗೆ ಬಿಡುವುದರಿಂದ ನಾಡಿಗೂ ಮನೆಗೂ ಆಗುವ ನಷ್ಟವನ್ನು ಮರೆಯಬಾರದೆಂದೂ ಎಚ್ಚರಿಸಿದರು.

ಆದರೆ ಹಿಂದಿನ ವಲಸೆಗೂ ಇಂದಿನದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ವಿರಾಜಪೇಟೆಯಲ್ಲಾಗಲಿ ಸಾತಹಳ್ಳಿಯಲ್ಲಾಗಲಿ ನೆಲೆಸಿದ ಕುಟುಂಬದ ವಾಸಕ್ಕೆ ಅವಧಿ ಮುಗಿಯುವ ದಿನಾಂಕವಿರಲಿಲ್ಲ. ಇಂದು ಉದ್ಯೋಗದ ವೀಸಾದ ಮೇಲೆ ಹೋಗುವ ಕುಟುಂಬದ ವಾಸಕ್ಕೆ ಅದು ಇದೆ. ಆ ದಿನಾಂಕವೂ ಒಬ್ಬನ ಅಥವಾ ಒಬ್ಬಳ ನೌಕರಿಗೆ ಕಟ್ಟಲ್ಪಟ್ಟಿದೆ.

'ಅವಲಂಬಿತರು' ಎಂಬ ಪದ

ಉದ್ಯೋಗದ ವೀಸಾ ಎಂದರೆ ನೆಲೆಸುವ ಹಕ್ಕಲ್ಲ. ಇಂಥ ಮಾಲೀಕನಲ್ಲಿ ಇಂಥ ಕೆಲಸವನ್ನು ಇಷ್ಟು ಕಾಲ ಮಾಡಲು ಕೊಟ್ಟ ಅನುಮತಿ ಅದು. ಅದು ಒಬ್ಬರ ಹೆಸರಿನಲ್ಲಿರುತ್ತದೆ. ಉಳಿದವರೆಲ್ಲರೂ ಆ ಕಾಗದದಲ್ಲಿ 'ಅವಲಂಬಿತರು'. ನೌಕರಿ ಹೋದರೆ ಮೂಲ ವೀಸಾ ಅಲುಗುತ್ತದೆ. ಅದು ಅಲುಗಿದರೆ ಹೆಂಡತಿಯ ವಾಸ, ಮಗುವಿನ ಶಾಲೆ, ಬಾಡಿಗೆಯ ಮನೆ ಎಲ್ಲವೂ ಅಲುಗುತ್ತವೆ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವವರು ಕೆಲಸ ಕಳೆದುಕೊಂಡರೆ ಹೊಸ ಮಾಲೀಕನನ್ನು ಹುಡುಕಿಕೊಳ್ಳಲು ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನಗಳು. ಎರಡು ತಿಂಗಳಲ್ಲಿ ಮೈಸೂರಿನಲ್ಲಿಯೇ ಬೇರೆ ಬಾಡಿಗೆ ಮನೆ ಹಿಡಿದು ಮಕ್ಕಳ ಶಾಲೆ ಬದಲಿಸುವುದು ಎಷ್ಟು ಕಷ್ಟವೆಂಬುದು ತಂದೆತಾಯಿಯರಿಗೆ ಗೊತ್ತು.

ದೇಶದಿಂದ ದೇಶಕ್ಕೆ ನಿಯಮಗಳು ಬೇರೆಯಾಗುತ್ತವೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಕುಟುಂಬವನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ 4,000 ದಿರ್ಹಮ್, ಇಲ್ಲವೆ 3,000 ದಿರ್ಹಮ್ ಜೊತೆಗೆ ವಸತಿಯಿರುವ ನೌಕರಿ ಬೇಕು. ಕುವೈತಿನಲ್ಲಿ ಕೆಲಕಾಲ ನಿಂತಿದ್ದ ಕುಟುಂಬ ವೀಸಾ 2024ರಲ್ಲಿ ಮತ್ತೆ ತೆರೆದಾಗ ಸಂಬಳದ ಕನಿಷ್ಠ ಮಿತಿಯನ್ನು 800 ದಿನಾರ್ ಎಂದು ಗೊತ್ತುಪಡಿಸಲಾಯಿತು. ಸೌದಿ ಅರೇಬಿಯ 2017ರ ಜುಲೈಯಿಂದ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ ಅದು 400 ರಿಯಾಲ್ ಆಯಿತು. ಪತ್ನಿ ಮತ್ತು ಇಬ್ಬರು ಮಕ್ಕಳಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ 14,400 ರಿಯಾಲ್. ಹೋಗುವಾಗ ಇಲ್ಲದ ಖರ್ಚು ಹೋದ ಮೇಲೆ ಬಂದಿತು. ಅನೇಕರು ಮನೆಯವರನ್ನು ಊರಿಗೆ ಕಳುಹಿಸಿ ತಾವು ಒಬ್ಬರೇ ಅಲ್ಲಿ ಉಳಿದರು.

ಬ್ರಿಟನ್ನಿನ ಕಥೆ ಇನ್ನೂ ಇತ್ತೀಚಿನದು. ಅಲ್ಲಿ 2020ರ ಆಗಸ್ಟಿನಲ್ಲಿ ಆರೋಗ್ಯ ಮತ್ತು ಆರೈಕೆ ಕ್ಷೇತ್ರದವರಿಗಾಗಿ ವಿಶೇಷ ವೀಸಾ ಬಂದಿತು. ವೃದ್ಧರ ಆರೈಕೆಯ ಕೆಲಸಕ್ಕೆ ನಮ್ಮ ನಾಡಿನವರೂ ಹೊರಟರು. 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗುವ ಆರೈಕೆ ಸಿಬ್ಬಂದಿ ಮನೆಯವರನ್ನು ಕರೆದೊಯ್ಯುವಂತಿಲ್ಲ ಎಂದಾಯಿತು. 2025ರ ಜುಲೈ 22ರಿಂದ ಆ ಕೆಲಸಕ್ಕೆ ಹೊರದೇಶಗಳಿಂದ ಹೊಸ ನೇಮಕಾತಿಯೇ ನಿಂತಿತು. ನೋಂದಾಯಿತ ನರ್ಸ್‌ಗಳಿಗೆ ಈ ನಿರ್ಬಂಧವಿಲ್ಲ. ಆದರೆ 'ನರ್ಸಿಂಗ್ ಕೆಲಸ' ಎಂದು ಏಜೆಂಟ್ ಹೇಳಿದ ಮಾತು ಕಾಗದದಲ್ಲಿ 'ಆರೈಕೆ ಸಹಾಯಕಿ' ಎಂದಿದ್ದರೆ, ತಾಯಿಯೊಬ್ಬಳು ಮಗುವಿನಿಂದ ವರ್ಷಗಟ್ಟಲೆ ದೂರವಾಗಲು ಆ ಒಂದು ಪದ ಸಾಕಿತ್ತು. ಅದೇ ದೇಶಕ್ಕೆ ಬೇರೆ ಕುಶಲ ಉದ್ಯೋಗಗಳಿಗಾಗಿ ಹೋಗುವವರು ಆರೋಗ್ಯ ಶುಲ್ಕವನ್ನು ಅರ್ಜಿಯ ಜೊತೆಗೇ ಮುಂಗಡವಾಗಿ ಕಟ್ಟಬೇಕು. 2024ರ ಫೆಬ್ರುವರಿಯಲ್ಲಿ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಆಯಿತು. ಇಬ್ಬರು ಮಕ್ಕಳಿರುವ ದಂಪತಿಗಳಿಗೆ ಮೂರು ವರ್ಷಕ್ಕೆ ಲೆಕ್ಕ ಹಾಕಿದರೆ 10,866 ಪೌಂಡ್. ಹೊರಡುವ ಮೊದಲೇ ಹನ್ನೊಂದು ಲಕ್ಷ ರೂಪಾಯಿಗಳಿಗೂ ಮಿಕ್ಕ ಮೊತ್ತವಿದು. ಇದಕ್ಕೆ ಮನೆ ಅಡವಿಟ್ಟು ಸಾಲ ಮಾಡುವವರು, ಸಾಲದ ಅವಧಿಗಿಂತ ವೀಸಾದ ಅವಧಿ ಕಡಿಮೆಯಿದೆಯೇ ಎಂಬುದನ್ನು ನೋಡಿಕೊಳ್ಳುವುದು ಒಳಿತು.

ಅವಲಂಬಿತರು ದುಡಿಯಬಹುದೇ ಎಂಬುದರಲ್ಲಿಯೂ ಭೇದವಿದೆ. ಜರ್ಮನಿಯಲ್ಲಿ ನೀಲಿ ಕಾರ್ಡ್ ಪಡೆದವರ ಪತಿ ಅಥವಾ ಪತ್ನಿಗೆ ಹೋದೊಡನೆ ಕೆಲಸ ಮಾಡುವ ಹಕ್ಕಿದೆ. ಅಮೆರಿಕದಲ್ಲಿ ಎಚ್-4 ವೀಸಾದ ಮೇಲಿರುವ ಸಂಗಾತಿಗೆ ಅದಿಲ್ಲ. ಮೂಲ ವೀಸಾದಾರರ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತವನ್ನು ದಾಟಿದ ಮೇಲೆ ಮಾತ್ರ, ಅದೂ 2015ರಿಂದ ಈಚೆಗೆ, ಪ್ರತ್ಯೇಕ ಅನುಮತಿ ಪಡೆದು ದುಡಿಯಬಹುದು. ಭಾರತೀಯರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದವೆಂದರೆ, ಕೈಗೂಸಾಗಿ ಹೋದ ಮಗು 21 ವರ್ಷ ತುಂಬಿ ಅವಲಂಬಿತರ ಪಟ್ಟಿಯಿಂದ ಹೊರಬೀಳುವವರೆಗೂ ಅದು ಮುಗಿಯದಿರಬಹುದು. ಆಗ ಆ ಮಗು ತನ್ನದೇ ಬೇರೆ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೆ ತನಗೆ ನೆನಪೇ ಇಲ್ಲದ ಊರಿಗೆ ಮರಳಬೇಕು. 2025ರ ಸೆಪ್ಟೆಂಬರಿನಲ್ಲಿ ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನು ಅಲ್ಲಿನ ಅಧ್ಯಕ್ಷರು ಘೋಷಿಸಿದ್ದನ್ನು ಓದುಗರು ಬಲ್ಲರು.

ಈ ವಿವರಗಳನ್ನು ಹೇಳಿದುದು ಹೆದರಿಸಲು ಅಲ್ಲ. ನಿಯಮವನ್ನು ಮಾಡುವವರು ಅದನ್ನು ಬದಲಿಸಲೂ ಬಲ್ಲರು. ಆಗ ಅವರು ನಮ್ಮ ಮನೆಯನ್ನು ಕೇಳುವುದಿಲ್ಲ. ಆದುದರಿಂದ ಪಕ್ಕದ ಮನೆಯವರು ಮೂರು ವರ್ಷಗಳ ಹಿಂದೆ ಹೋದ ದಾರಿ ಇಂದು ಅದೇ ದಾರಿಯಾಗಿ ಉಳಿದಿದೆಯೆಂದು ನಂಬಬಾರದು.

ಕುವೈತ್ ಕಲಿಸಿದ ಪಾಠ

ನೆಲೆ ಎಷ್ಟು ಬೇಗ ಕುಸಿಯಬಲ್ಲದು ಎಂಬುದಕ್ಕೆ ಕನ್ನಡ ನಾಡಿನ ಕುಟುಂಬಗಳೇ ಸಾಕ್ಷಿ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಮಂಗಳೂರು, ಉಡುಪಿ ಕಡೆಯ ಕಥೋಲಿಕ ಕುಟುಂಬಗಳು ಅವರಲ್ಲಿ ಗಣನೀಯವಾಗಿದ್ದವು. ಬ್ಯಾಂಕುಗಳು ಮುಚ್ಚಿದವು, ದಿನಾರ್ ಬೆಲೆಯಿಲ್ಲದ ಕಾಗದವಾಯಿತು, ಕಂಪನಿಗಳು ಕಣ್ಮರೆಯಾದವು. ಜನರು ಮಕ್ಕಳನ್ನು ಕಟ್ಟಿಕೊಂಡು ಬಸ್ಸುಗಳಲ್ಲಿ ಇರಾಕಿನ ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದರು. ಅಲ್ಲಿಂದ ಏರ್ ಇಂಡಿಯಾ ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ತಾಯ್ನಾಡಿಗೆ ತಂದಿತು. ನಾಗರಿಕ ವಿಮಾನಗಳ ಮೂಲಕ ನಡೆದ ಅಷ್ಟು ದೊಡ್ಡ ತೆರವು ಕಾರ್ಯ ಹಿಂದೆ ನಡೆದಿರಲಿಲ್ಲ.

ನಂತರ ನಡೆದುದೂ ಗಮನಾರ್ಹ. 1991ರಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗವನ್ನು ರಚಿಸಿತು. ಕುವೈತನ್ನು ಅಥವಾ ಇರಾಕನ್ನು ಬಿಟ್ಟು ಬಂದವರಿಗೆ ಸಾಮಾನ್ಯವಾಗಿ ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ಗೊತ್ತಾಯಿತು. ಬೇರಾವ ಬೇಡಿಕೆಯನ್ನೂ ಸಲ್ಲಿಸದವರಿಗೆ ಅದು 4,000 ಮತ್ತು 8,000 ಡಾಲರ್. ಅದನ್ನು ಪಡೆಯಲು ಅಲ್ಲಿಂದ ಹೊರಟುದಕ್ಕೆ ಸರಳವಾದರೂ ಒಂದು ದಾಖಲೆ ಬೇಕಾಗಿತ್ತು. ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿಯೇ ಉಳಿದುಹೋದವನ ಪಾಡೇನು? ಸಂಪಾದನೆಯೆಲ್ಲವನ್ನೂ ಅಲ್ಲಿನ ಬ್ಯಾಂಕಿನಲ್ಲಿಟ್ಟವನಿಗೂ, ತಿಂಗಳು ತಿಂಗಳು ಊರಿಗೆ ಕಳುಹಿಸಿದವನಿಗೂ ಆ ಆಗಸ್ಟಿನಲ್ಲಿ ಎಷ್ಟು ಅಂತರವಿತ್ತೆಂಬುದನ್ನು ಆ ತಲೆಮಾರಿನವರು ಇಂದಿಗೂ ಹೇಳುತ್ತಾರೆ.

ಹೊರಡುವ ಮೊದಲಿನ ಕಾಗದಗಳು

ಮೊದಲನೆಯದು ಹೆಸರು. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ 'ಮರಿಯ ಫಿಲೋಮಿನಾ', ಶಾಲೆಯ ಅಂಕಪಟ್ಟಿಯಲ್ಲಿ 'ಫಿಲೋಮಿನಾ ಎ.', ಆಧಾರ್‌ನಲ್ಲಿ 'ಫಿಲೊಮೆನ ಮೇರಿ' ಎಂದಿರುವುದು ನಮ್ಮಲ್ಲಿ ಸಾಮಾನ್ಯ. ತಂದೆಯ ಹೆಸರೇ ಇನಿಷಿಯಲ್ ಆಗುವ ನಮ್ಮ ಪದ್ಧತಿ ಮನೆಹೆಸರನ್ನು ಕೇಳುವ ಹೊರದೇಶದ ಅರ್ಜಿಗೆ ಅರ್ಥವಾಗುವುದಿಲ್ಲ. ಗಂಡ, ಹೆಂಡತಿ, ಮಕ್ಕಳ ಹೆಸರುಗಳು ಒಂದಕ್ಕೊಂದು ಹೊಂದದಿದ್ದರೆ ಇವರು ಒಂದೇ ಕುಟುಂಬವೆಂಬುದನ್ನೇ ಅಧಿಕಾರಿ ಪ್ರಶ್ನಿಸುತ್ತಾನೆ. ಇದನ್ನು ವೀಸಾ ಸಂದರ್ಶನದ ಹಿಂದಿನ ವಾರವಲ್ಲ, ಆರು ತಿಂಗಳ ಮೊದಲೇ ಸರಿಪಡಿಸಿಕೊಳ್ಳಬೇಕು. ದೇವಾಲಯದ ದಾಖಲೆ ಪುಸ್ತಕದಲ್ಲಿ ಇರುವುದನ್ನು ಇರುವಂತೆಯೇ ಬರೆದುಕೊಡುವುದು ಗುರುಗಳ ಕರ್ತವ್ಯ. 'ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಬರೆದುಕೊಡಿ' ಎಂದು ಒತ್ತಾಯಿಸುವುದು ಸಲ್ಲದು.

ಎರಡನೆಯದು ವಿವಾಹದ ದಾಖಲೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ ದೇವಾಲಯದಲ್ಲಿ ನಡೆದ ವಿವಾಹ ಕಾನೂನುಬದ್ಧವೇ. ಆದರೂ ಅನೇಕ ರಾಯಭಾರ ಕಚೇರಿಗಳು ಸರಕಾರಿ ನೋಂದಣಿಯ ಪತ್ರವನ್ನೇ ಕೇಳುತ್ತವೆ. ಅದನ್ನೂ ಮಾಡಿಸಿಟ್ಟುಕೊಳ್ಳುವುದು ಜಾಣತನ. ಹೇಗ್ ಒಪ್ಪಂದದ ಅಪೋಸ್ಟಿಲ್ ಪದ್ಧತಿ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಹೋಗುವ ದೇಶವೂ ಆ ಒಪ್ಪಂದಕ್ಕೆ ಸೇರಿದ್ದರೆ ಒಂದೇ ಮುದ್ರೆ ಸಾಕು. ಇಲ್ಲದಿದ್ದರೆ ರಾಯಭಾರ ಕಚೇರಿಯವರೆಗೂ ದೃಢೀಕರಣ ಮಾಡಿಸಬೇಕು.

ಮೂರನೆಯದು ಏಜೆಂಟರ ವಿಷಯ. 1983ರ ವಲಸೆ ಕಾಯಿದೆಯಂತೆ ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸುವ ಏಜೆಂಟ್ ಕೇಂದ್ರ ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಆತನ ನೋಂದಣಿ ನಿಜವೇ ಎಂಬುದನ್ನು ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಡಬಹುದು. ಆತ ಸೇವಾ ಶುಲ್ಕವೆಂದು ಪಡೆಯಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಲಕ್ಷಗಳನ್ನು ಕೇಳುವವನನ್ನೂ, 'ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಿಸಿಕೊಡುತ್ತೇನೆ' ಎನ್ನುವವನನ್ನೂ ಬಾಗಿಲಿನಿಂದಲೇ ಕಳುಹಿಸಬೇಕು. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು. ಅವರಿಗೆ ಕಡ್ಡಾಯವಾಗಿರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ ಹತ್ತು ಲಕ್ಷ ರೂಪಾಯಿಗಳ ವಿಮೆ ಇದೆ. ಆ ವಿಮೆಯ ಪತ್ರದ ಪ್ರತಿ ಊರಿನಲ್ಲಿರುವ ಮನೆಯವರ ಕೈಯಲ್ಲಿರಲಿ.

ಮಕ್ಕಳು ಮತ್ತು ಹಿರಿಯರು

ತಂದೆತಾಯಿಯರು ಮಕ್ಕಳ ಭವಿಷ್ಯಕ್ಕಾಗಿ ಹೊರಡುತ್ತೇವೆನ್ನುತ್ತಾರೆ. ಅದು ನಿಜವೇ ಆಗಿದ್ದರೆ ಮರಳಿ ಬರುವ ದಾರಿಯನ್ನೂ ಮಕ್ಕಳ ಕಣ್ಣಿನಿಂದ ನೋಡಬೇಕು. ಕರ್ನಾಟಕದ ವೃತ್ತಿಶಿಕ್ಷಣ ಸೀಟುಗಳಿಗೆ ಅರ್ಹತೆ ಪಡೆಯಲು ಇರುವ ಮುಖ್ಯ ನಿಯಮದಂತೆ, ವಿದ್ಯಾರ್ಥಿ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಈ ರಾಜ್ಯದಲ್ಲಿ ಓದಿರಬೇಕು. ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ ಮಟ್ಟದ ಪರೀಕ್ಷೆಯನ್ನು ಇಲ್ಲಿಯೇ ಪಾಸು ಮಾಡಿರಬೇಕು. ಬೇರೆ ಕೆಲವು ಷರತ್ತುಗಳಡಿಯಲ್ಲಿಯೂ ಅವಕಾಶವಿದೆ. ಆದರೆ ನಾಲ್ಕನೆಯ ತರಗತಿಯಲ್ಲಿ ಹೊರಟು ಹತ್ತನೆಯ ತರಗತಿಗೆ ಮರಳುವ ಮಗುವಿನ ತಂದೆ ಈ ಲೆಕ್ಕವನ್ನು ಮೊದಲೇ ಹಾಕಿರಬೇಕು. ಜೊತೆಗೆ ಕನ್ನಡದ ಪ್ರಶ್ನೆ. ಮನೆಯಲ್ಲಿ ಕನ್ನಡದಲ್ಲಿಯೇ ಮಾತು, ಕನ್ನಡದಲ್ಲಿಯೇ ಸಂಜೆಯ ಜಪಸರ ನಡೆದರೆ ಭಾಷೆ ಉಳಿಯುತ್ತದೆ. ಬಿಟ್ಟರೆ ಎರಡೇ ವರ್ಷಗಳಲ್ಲಿ ಅಜ್ಜಿಯೊಡನೆ ಮಾತೇ ನಿಂತುಹೋಗುತ್ತದೆ.

ಅಜ್ಜಅಜ್ಜಿಯರ ಹೆಸರು ಯಾವ ವೀಸಾದಲ್ಲಿಯೂ ಸುಲಭವಾಗಿ ಸೇರುವುದಿಲ್ಲ. ಬನ್ನಿಮಂಟಪ, ಗಾಂಧಿನಗರ, ಹಿನಕಲ್ ಕಡೆಗಳಲ್ಲಿ ಇಬ್ಬರೇ ಹಿರಿಯರಿರುವ ಮನೆಗಳು ಹೆಚ್ಚಾಗುತ್ತಿವೆ. 'ಮೊಮ್ಮಗಳು ದಿನಾ ಫೋನಿನಲ್ಲಿ ಕಾಣಿಸ್ತಾಳೆ ಸ್ವಾಮಿ, ಆದರೆ ರಾತ್ರಿ ಎದೆ ನೋವು ಬಂದರೆ ಫೋನು ಆಸ್ಪತ್ರೆಗೆ ಕರ್ಕೊಂಡು ಹೋಗಲ್ಲ' ಎಂದು ಒಬ್ಬ ತಾಯಿ ನಮ್ಮೊಡನೆ ಹೇಳಿದರು. ಅದರಲ್ಲಿ ದೂರು ಇರಲಿಲ್ಲ, ಲೆಕ್ಕವಿತ್ತು. ಹೊರಡುವವರು ಹಿರಿಯರ ಔಷಧದ ಪಟ್ಟಿ, ವೈದ್ಯರ ಹೆಸರು, ಆಸ್ಪತ್ರೆಗೆ ಕರೆದೊಯ್ಯಲು ಒಪ್ಪಿದ ಒಬ್ಬ ನೆಂಟ ಅಥವಾ ನೆರೆಯವರ ದೂರವಾಣಿ ಸಂಖ್ಯೆ, ತುರ್ತಿಗೆ ಹಿರಿಯರ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಸ್ವಲ್ಪ ಹಣ, ಇಷ್ಟನ್ನಾದರೂ ಮಾಡಿ ಹೋಗಬೇಕು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಎಂಬುದನ್ನು ಗೋಡೆಯ ಮೇಲೆ ಬರೆದು ಅಂಟಿಸಿರಲಿ. ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರಿಗೂ ನೆರೆಹೊರೆಯ ಕಿರು ಕ್ರೈಸ್ತ ಸಮುದಾಯಕ್ಕೂ ತಿಳಿಸಿ ಹೋದರೆ, ವಾರಕ್ಕೊಮ್ಮೆ ಬಾಗಿಲು ತಟ್ಟುವವರು ಸಿಗುತ್ತಾರೆ.

ಮನೆಯೊಳಗೆ ಯಾರೂ ಅವಲಂಬಿತರಲ್ಲ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ತತ್ತ್ವಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಕುಟುಂಬವೆಂದರೆ ಪರಸ್ಪರ ಅವಲಂಬನೆಯೇ. ದುಡಿಯುವವನು ಅಡುಗೆ ಮಾಡುವವಳನ್ನೂ, ಅವಳು ಅವನನ್ನೂ, ಇಬ್ಬರೂ ಮಗುವಿನ ನಗೆಯನ್ನೂ ಆತುಕೊಂಡಿರುತ್ತಾರೆ. ವೀಸಾದ ಕಾಗದ ಈ ಪರಸ್ಪರತೆಯನ್ನು ಏಕಮುಖವಾಗಿ ಬರೆಯುತ್ತದೆ. ಒಬ್ಬರು ಕಂಬ, ಉಳಿದವರು ಬಳ್ಳಿ. ಸರಕಾರದ ಕಡತಕ್ಕೆ ಅದು ಅನಿವಾರ್ಯವಿರಬಹುದು. ಮನೆಯೊಳಕ್ಕೂ ಅದೇ ಭಾಷೆ ನುಸುಳಿದಾಗ ಕೇಡು ಆರಂಭವಾಗುತ್ತದೆ.

ಇಲ್ಲಿ ಹತ್ತು ವರ್ಷ ಶಿಕ್ಷಕಿಯಾಗಿದ್ದವಳು ಅಲ್ಲಿ ಬಸ್ಸಿನ ಚೀಟಿಗೂ ಗಂಡನನ್ನು ಕೇಳಬೇಕಾದಾಗ ಕುಗ್ಗುತ್ತಾಳೆ. ನರ್ಸ್ ಪತ್ನಿಯ ವೀಸಾದ ಮೇಲೆ ಹೋಗಿ ತಕ್ಕ ಕೆಲಸ ಸಿಗದ ಗಂಡನೂ ಹಾಗೆಯೇ ಕುಗ್ಗುತ್ತಾನೆ. ಕೆಲವೊಮ್ಮೆ ಆ ಕುಗ್ಗುವಿಕೆ ಸಿಟ್ಟಾಗಿಯೋ ಕುಡಿತವಾಗಿಯೋ ಹೊರಬರುತ್ತದೆ. 'ನನ್ನಿಂದಲೇ ನೀನಿಲ್ಲಿ ಇದ್ದೀಯ' ಎಂಬ ಒಂದು ಮಾತು ಬಲಿಪೀಠದ ಮುಂದೆ ಕೊಟ್ಟುಕೊಂಡ ಮಾತನ್ನು ಅಳಿಸಬಲ್ಲದು.

ಇದನ್ನು ತಡೆಯಲು ದೊಡ್ಡ ಉಪದೇಶ ಬೇಡ, ಸಣ್ಣ ಏರ್ಪಾಡುಗಳು ಸಾಕು. ನೌಕರಿಯ ಕರಾರುಪತ್ರವನ್ನು ಪತಿಪತ್ನಿಯರಿಬ್ಬರೂ ಓದಿರಲಿ. ಬ್ಯಾಂಕಿನ ಖಾತೆ ಇಬ್ಬರ ಹೆಸರಿನಲ್ಲಿರಲಿ. ಪ್ರತಿಯೊಬ್ಬರ ಪಾಸ್‌ಪೋರ್ಟ್ ಮನೆಯಲ್ಲಿಯೇ ಇರಲಿ, ಮಾಲೀಕನ ಕಪಾಟಿನಲ್ಲಲ್ಲ. ಅವಲಂಬಿತರಾಗಿ ಹೋಗುವವರು ತಮ್ಮ ವೃತ್ತಿಯ ನೋಂದಣಿ ಕಳೆದುಹೋಗದಂತೆ ನವೀಕರಿಸಿಕೊಳ್ಳಲಿ. ಮನೆಮಂದಿಗೆಲ್ಲ ಮರಳಿ ಬರುವ ವಿಮಾನದ ಖರ್ಚು ಮತ್ತು ಊರಿನಲ್ಲಿ ಆರು ತಿಂಗಳು ಬದುಕುವಷ್ಟು ಹಣವನ್ನು ಮೊದಲ ವರ್ಷದಲ್ಲಿಯೇ ಕೂಡಿಸಿ ಭಾರತದ ಬ್ಯಾಂಕಿನಲ್ಲಿಡಲಿ. ಎರಡು ವರ್ಷಕ್ಕೊಮ್ಮೆ, ಮಕ್ಕಳನ್ನೂ ಕೂರಿಸಿಕೊಂಡು, ಉಳಿಯಬೇಕೆ ಮರಳಬೇಕೆ ಎಂದು ಮಾತನಾಡುವ ಒಂದು ದಿನವನ್ನು ಗೊತ್ತುಮಾಡಿಕೊಳ್ಳಲಿ.

ಹೋದ ಊರಿನಲ್ಲಿ ಆದಷ್ಟು ಬೇಗ ಅಲ್ಲಿನ ಧರ್ಮಕೇಂದ್ರಕ್ಕೆ ಹೋಗಿ ಹೆಸರು ನೋಂದಾಯಿಸಿಕೊಳ್ಳಬೇಕು. ದುಬೈನ ಸಂತ ಮರಿಯಮ್ಮನವರ ದೇವಾಲಯದಲ್ಲಿ, ಕುವೈತಿನ ಪವಿತ್ರ ಕುಟುಂಬ ದೇವಾಲಯದಲ್ಲಿ ಭಾರತದ ಹಲವು ಭಾಷೆಗಳ ಭಕ್ತರು ಸೇರುತ್ತಾರೆ. ಬಹರೇನಿನಲ್ಲಿ 2021ರ ಡಿಸೆಂಬರಿನಲ್ಲಿ ಪ್ರತಿಷ್ಠಾಪನೆಯಾದ ಅರೇಬಿಯ ಮಾತೆಯ ಪ್ರಧಾನಾಲಯ ವಲಸಿಗರ ಭಕ್ತಿಯಿಂದಲೇ ತುಂಬುತ್ತದೆ. ಸೌದಿ ಅರೇಬಿಯದಲ್ಲಿ ದೇವಾಲಯವಿಲ್ಲ. ಅಲ್ಲಿಗೆ ಹೋಗುವವರಿಗೆ ಮನೆಯೇ ದೇವಾಲಯವಾಗಬೇಕು. ಪರಊರಿನಲ್ಲಿ ಕಾಯಿಲೆ ಬಿದ್ದಾಗ, ನೌಕರಿ ಹೋದಾಗ, ಸಾವು ಬಂದಾಗ ಮೊದಲು ಓಡಿ ಬರುವವರು ಹೀಗೆ ಪರಿಚಯವಾದವರೇ ಆಗಿರುತ್ತಾರೆ.

ವೀಸಾ ಮುಗಿಯುತ್ತದೆ, ನವೀಕರಣವಾಗುತ್ತದೆ, ಒಮ್ಮೊಮ್ಮೆ ರದ್ದಾಗುತ್ತದೆ. ಕುಟುಂಬ ಅದಕ್ಕಿಂತ ಹಿಂದಿನದು, ಅದರ ನಂತರವೂ ಇರಬೇಕಾದುದು. ಆದುದರಿಂದ ಕರಾರುಪತ್ರಕ್ಕೆ ಸಹಿ ಹಾಕುವುದಕ್ಕೆ ಮೊದಲು ಒಂದು ಸಂಜೆ ಮನೆಯವರೆಲ್ಲ, ಅಜ್ಜಅಜ್ಜಿಯರೂ ಸೇರಿ, ಕುಳಿತು ಮೇಲಿನ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಉತ್ತರ ಸಿಕ್ಕವುಗಳಿಗೆ ಗುರುತು ಹಾಕಿ. ಗುರುತಿಲ್ಲದೆ ಉಳಿದ ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ವಿಮಾನದ ಟಿಕೆಟ್ ಕಾಯಲಿ.